ಆಕಾಶದ ಕಿರಣಗಳ ಬೆನ್ನು ಹತ್ತಿದ ವಿಕ್ಟರ್ ಹೆಸ್

ಆಫ್ರಿಕಾದ ನಮೀಬಿಯಾ ದೇಶದ ಎತ್ತರದ ಬಯಲಿನಲ್ಲಿ ಐದು ದೊಡ್ಡ ದೂರದರ್ಶಕಗಳಿವೆ. ಅತಿ ಶಕ್ತಿಯ ಗಾಮಾ ಕಿರಣಗಳ ಮೂಲವನ್ನು ಹುಡುಕುವ ಈ ಕೇಂದ್ರಕ್ಕೆ ಹೆಸ್ ಎಂದು ಹೆಸರು. ಇದು ಆಸ್ಟ್ರಿಯಾದ ಕಥೊಲಿಕ ವಿಜ್ಞಾನಿ ವಿಕ್ಟರ್ ಹೆಸ್ ಅವರಿಗೆ ಸಂದ ಗೌರವ.

1883ರ ಜೂನ್ 24ರಂದು ಜನಿಸಿದ ಹೆಸ್ ಅವರ ತಂದೆ ಅರಣ್ಯಾಧಿಕಾರಿಯಾಗಿದ್ದರು. 1906ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಇವರು, ಮುಂದೆ ವಿಯೆನ್ನಾದ ರೇಡಿಯಂ ಸಂಸ್ಥೆಯನ್ನು ಸೇರಿದರು.

ಗಾಳಿಯಲ್ಲಿ ಕಂಡುಬರುವ ವಿಕಿರಣವೆಲ್ಲ ಮಣ್ಣಿನಿಂದಲೇ ಬರುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. 1910ರಲ್ಲಿ ಯೇಸುಸಭೆಯ ಗುರು ಫಾದರ್ ಥಿಯೋಡೋರ್ ವುಲ್ಫ್ ತಾವೇ ರೂಪಿಸಿದ ಮಾಪಕವನ್ನು ಪ್ಯಾರಿಸ್‌ನ ಐಫೆಲ್ ಗೋಪುರದ ಮೇಲೆ ಒಯ್ದು ಅಳೆದರು. ವಿಕಿರಣ ನಿರೀಕ್ಷಿಸಿದಷ್ಟು ಕಡಿಮೆಯಾಗಿರಲಿಲ್ಲ. ಉತ್ತರ ಹುಡುಕಲು ಹೆಸ್ ಸ್ವತಃ ಬಲೂನ್ ಏರಿದರು. 1912ರ ಎಪ್ರಿಲ್ 17ರ ಸೂರ್ಯಗ್ರಹಣದ ವೇಳೆಯಲ್ಲೂ ವಿಕಿರಣ ತಗ್ಗದ ಕಾರಣ, ಅದರ ಮುಖ್ಯ ಮೂಲ ಸೂರ್ಯನಲ್ಲ ಎಂದು ತಿಳಿಯಿತು. ಅದೇ ವರ್ಷ ಆಗಸ್ಟ್ 7ರಂದು ಜೀವದ ಹಂಗು ತೊರೆದು ಸುಮಾರು 5,300 ಮೀಟರ್ ಎತ್ತರಕ್ಕೇರಿದಾಗ, ವಿಕಿರಣ ನೆಲಮಟ್ಟಕ್ಕಿಂತ ಬಹಳ ಹೆಚ್ಚಾಗಿತ್ತು. ಅದು ಬಾಹ್ಯಾಕಾಶದಿಂದ ಬರುತ್ತಿದೆ ಎಂದು ಅವರು ನಿರ್ಧರಿಸಿದರು. ಈ ವಿಶ್ವಕಿರಣಗಳ ಶೋಧನೆಗೆ 1936ರಲ್ಲಿ ನೊಬೆಲ್ ಪುರಸ್ಕಾರ ಲಭಿಸಿತು. ಕಾರ್ಲ್ ಆಂಡರ್ಸನ್ ಅದನ್ನು ಹಂಚಿಕೊಂಡರು.

ಎರಡೇ ವರ್ಷಗಳಲ್ಲಿ ಕಷ್ಟಕಾಲ ಬಂತು. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ವಶಪಡಿಸಿಕೊಂಡಿತು. ಹೆಸ್ ಅವರ ಪತ್ನಿ ಯೆಹೂದಿ ಮೂಲದವರು. ನೊಬೆಲ್ ಗೌರವವೂ ಅವರನ್ನು ಕಾಪಾಡಲಿಲ್ಲ. ಗ್ರಾಜ್‌ನಲ್ಲಿದ್ದ ಪ್ರಾಧ್ಯಾಪಕ ಹುದ್ದೆ ಹೋಯಿತು. ಪತ್ನಿಯ ಕೈ ಬಿಡದ ಹೆಸ್, ತಾಯ್ನಾಡನ್ನೇ ಬಿಟ್ಟರು. ಸ್ವಿಟ್ಜರ್ಲೆಂಡ್ ಮಾರ್ಗವಾಗಿ ಅಮೆರಿಕ ತಲುಪಿದ ದಂಪತಿಗೆ ನ್ಯೂಯಾರ್ಕ್‌ನಲ್ಲಿ ಯೇಸುಸಭೆಯವರ ಫೋರ್ಡಮ್ ವಿಶ್ವವಿದ್ಯಾಲಯ ಆಸರೆ ನೀಡಿತು. ಅಲ್ಲಿ ಪ್ರಾಧ್ಯಾಪಕರಾದ ಅವರು ವಿಜ್ಞಾನಕ್ಕೂ ವಿಶ್ವಾಸಕ್ಕೂ ವಿರೋಧವಿಲ್ಲವೆಂದು ನಂಬಿ ಬಾಳಿದರು. 1964ರ ಡಿಸೆಂಬರ್ 17ರಂದು ನಿಧನರಾದರು.

ವಿಶ್ವಕಿರಣಗಳು ಹುಟ್ಟುವುದೆಲ್ಲಿ ಎಂಬ ಪ್ರಶ್ನೆ ಮಾತ್ರ ಉಳಿಯಿತು. ವಿದ್ಯುದಾವೇಶವುಳ್ಳ ಕಣಗಳು ಕಾಂತಕ್ಷೇತ್ರಗಳಲ್ಲಿ ಸಿಕ್ಕಿ ದಾರಿ ಬದಲಿಸುತ್ತವೆ. ಗಾಮಾ ಕಿರಣಗಳಾದರೋ ನೇರವಾಗಿ ಬಂದು ತಮ್ಮ ಮೂಲವನ್ನು ತೋರಿಸುತ್ತವೆ. ಅವು ನೆಲ ಮುಟ್ಟುವುದಿಲ್ಲ. ವಾತಾವರಣಕ್ಕೆ ಬಡಿದಾಗ ಕಣಗಳ ಮಳೆ ಸುರಿದು ಕ್ಷಣಮಾತ್ರದ ನೀಲಿ ಬೆಳಕು ಮೂಡುತ್ತದೆ. ದೂರದರ್ಶಕದ ಕನ್ನಡಿಗಳು ಹಿಡಿಯುವುದು ಇದನ್ನೇ. 1989ರಲ್ಲಿ ಅಮೆರಿಕದ ಅರಿಜೋನಾದ ವಿಪ್ಪಲ್ ದೂರದರ್ಶಕ ಈ ವಿಧಾನದಿಂದ ಕ್ರ್ಯಾಬ್ ನೀಹಾರಿಕೆಯನ್ನು ಗುರುತಿಸಿತು. ನಮೀಬಿಯಾದ ಕೇಂದ್ರ ಆ ಪಟ್ಟಿಗೆ ಹತ್ತಾರು ಮೂಲಗಳನ್ನು ಸೇರಿಸಿದೆ.

ನೆಲೆ ಕಳಕೊಂಡರೂ ನಿಷ್ಠೆ ಕಳಕೊಳ್ಳದ ಈ ಪ್ರಾಧ್ಯಾಪಕರ ಹೆಸರು ಇಂದಿಗೂ ಆಕಾಶವನ್ನು ದಿಟ್ಟಿಸುತ್ತಿದೆ.