ಮೌಲಾ ಅಲಿಯ ಚಂದಾ: ಪದ ಉಳಿಯಿತು, ಧಾಟಿ ಹೋಯಿತು

ಹೈದರಾಬಾದಿಗೆ ಕೆಲಸಕ್ಕೆ ಬಂದ ನಮ್ಮವರು ಬಿರ್ಲಾ ಮಂದಿರ ನೋಡದೆ ಬಿಡುವುದಿಲ್ಲ. ಅದಿರುವ ಗುಡ್ಡ ನೌಬತ್ ಪಹಾಡ್. ನೌಬತ್ ಎಂದರೆ ಅರಮನೆಯ ಹೆಬ್ಬಾಗಿಲಲ್ಲಿ ಹೊತ್ತುಹೊತ್ತಿಗೆ ಮೊಳಗುತ್ತಿದ್ದ ನಗಾರಿ, ಶಹನಾಯಿಗಳ ಮೇಳ. ಈ ಶಹನಾಯಿ ಯುರೋಪಿನ ಓಬೋಗೆ ದಾಯಾದಿ, ನಮ್ಮ ನಾಗಸ್ವರಕ್ಕೂ. ಮೂರಕ್ಕೂ ಜೋಡಿ ರೀಡು.

ಅಂಥ ಮೇಳಗಳ ಕಾಲದ ನಿಜಾಮರ ದರ್ಬಾರಿನಲ್ಲಿ ಹಾಡಿ ಕುಣಿದವಳು ಮಾಹ್ ಲಕಾ ಬಾಯಿ. ಹುಟ್ಟಿದ್ದು 1768ರಲ್ಲಿ, ಮನೆಯ ಹೆಸರು ಚಂದಾ. ತಾಯಿ ರಾಜ್ ಕುಂವರ್. ಸಂಗೀತ ಕಲಿತದ್ದು ದೆಹಲಿಯ ಗಾಯಕ ಮನೆತನದ ಖುಷ್‌ಹಾಲ್ ಖಾನ್ ಅನೂಪ್ ಅವರಲ್ಲಿ. ಕುದುರೆ ಸವಾರಿ, ಬಿಲ್ಲುವಿದ್ಯೆ ಬಲ್ಲ ಈಕೆ ನಿಜಾಮನ ದಂಡಿನ ಜೊತೆಗೂ ಹೋದವಳು. ಜಹಗೀರುಗಳು ಸಿಕ್ಕವು. ಅದರಲ್ಲೊಂದು ಅಡಿಕ್‌ಮೆಟ್, ಇಂದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ನೆಲ. ಟ್ರಾಫಿಕ್ಕಿನಲ್ಲಿ ಅಲ್ಲಿ ಸಿಕ್ಕಿಕೊಂಡಾಗ ನಾನು ಒಮ್ಮೊಮ್ಮೆ ಇದನ್ನು ನೆನೆಯುತ್ತೇನೆ.

ಉರ್ದುವಿನಲ್ಲಿ ಸ್ವಂತ ಗಜಲ್ ಸಂಗ್ರಹ, ಅಂದರೆ ದಿವಾನ್, ಮಾಡಿದ ಮೊದಲ ಹೆಂಗಸರಲ್ಲಿ ಆಕೆ ಒಬ್ಬಳು. 1799ರ ಅಕ್ಟೋಬರಿನಲ್ಲಿ ಮೀರ್ ಆಲಂ ಮನೆಯ ಕಛೇರಿಯಲ್ಲಿ ಅದರ ಹಸ್ತಪ್ರತಿಯನ್ನು ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂಗೆ ಕೊಟ್ಟಳು. ಕನ್ನಡಿಗರಿಗೆ ಆ ವರ್ಷ ಬೇರೆ ಕಾರಣಕ್ಕೆ ಗೊತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತ್ತು, ಟಿಪ್ಪು ಸತ್ತಿದ್ದ. ಅಲ್ಲಿ ನಿಜಾಮನ ಪಡೆಯ ಮುಂದಾಳಾಗಿದ್ದವನು ಇದೇ ಮೀರ್ ಆಲಂ, ಆ ಪಡೆಯ ಜೊತೆಗಿದ್ದವನು ಇದೇ ಮಾಲ್ಕಂ! ಐದು ತಿಂಗಳಲ್ಲಿ ಇಬ್ಬರೂ ಇಲ್ಲಿ ಗಜಲ್ ಕೇಳುತ್ತ ಕೂತಿದ್ದರು. ಆ ಪ್ರತಿ ಲಂಡನ್ ಸೇರಿತು.

ಸೇರಿದ್ದು ಪದ ಮಾತ್ರ. ಆಕೆಗೆ ಹದಿಮೂರು ವರ್ಷವಿದ್ದಾಗ, 1781ರಲ್ಲಿ, ಮ್ಯೂನಿಕ್‌ನಲ್ಲಿ ಮೊಜಾರ್ಟ್ ತನ್ನ ಗೆಳೆಯ ಫ್ರೀಡ್ರಿಕ್ ರಾಮ್‌ನ ಓಬೋಗೆಂದು ಒಂದು ಕ್ವಾರ್ಟೆಟ್ ಬರೆದ. ಸ್ವರವೆಲ್ಲ ಕಾಗದದಲ್ಲಿತ್ತು, ಇವತ್ತಿಗೂ ಯಾರು ಬೇಕಾದರೂ ನುಡಿಸಬಹುದು. ಚಂದಾಳ ಗಜಲ್‌ಗಳಿಗೆ ಅಂಥ ಕಾಗದವಿಲ್ಲ. ಆಕೆ ಎಷ್ಟೋ ಹುಡುಗಿಯರಿಗೆ ಹಾಡು, ಕುಣಿತ ಕಲಿಸಿದಳು. ಧಾಟಿ ಬಾಯಿಂದ ಕಿವಿಗೆ ನಡೆಯಿತು, ಹಾಡುವ ಬಾಯಿಗಳು ಮುಗಿದಾಗ ಅದೂ ಮುಗಿಯಿತು. ನೌಬತ್‌ನ ಶಹನಾಯಿಯವರ ಪಾಡೂ ಅಷ್ಟೇ, ಅವರ ಹೆಸರೂ ಉಳಿದಿಲ್ಲ. ಇಂದು ಆಕೆಯನ್ನು ಕವಿ ಎಂದು ನೆನೆಯುವವರುಂಟು, ಸಂಗೀತಗಾರ್ತಿ ಎಂದು ನೆನೆಯುವವರು ಕಡಿಮೆ. ನನಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ. ಮೊದಲು ಹಾಡು, ಆಮೇಲೆ ಪುಸ್ತಕ ಎಂಬಂತೆ ಬದುಕಿದವಳು ಆಕೆ.

1824ರಲ್ಲಿ ತೀರಿಕೊಂಡಳು. ಮೌಲಾ ಅಲಿ ಗುಡ್ಡದ ಬುಡದಲ್ಲಿ 1792ರಲ್ಲಿ ತಾಯಿಗೆಂದು ತಾನೇ ಕಟ್ಟಿಸಿದ ಗೋರಿಯ ಆವರಣದಲ್ಲೇ ಮಲಗಿದ್ದಾಳೆ. ಪಾಳುಬಿದ್ದಿದ್ದ ಜಾಗವನ್ನು ಸುಮಾರು ಹದಿನೈದು ವರ್ಷದ ಹಿಂದೆ ಅಮೆರಿಕದ ನೆರವಿನಿಂದ ದುರಸ್ತಿ ಮಾಡಿಸಿದರು.