ನೀರಿನ ದಾರಿ ಅರಿತಿದ್ದ ಸರ್ ಎಂ. ವಿಶ್ವೇಶ್ವರಯ್ಯ

ವಿಶ್ವೇಶ್ವರಯ್ಯ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಅದು ಹಳೆ ಮೈಸೂರಿನ ಮಾತು, ನಮ್ಮ ಕಡೆಗೆ ಅವರ ನಂಟೇನು ಎಂದು ಕೇಳುವವರುಂಟು. ಆದರೆ 1948ರವರೆಗೆ ಕಲಬುರಗಿಯೂ ಕಮಲಾಪುರವೂ ಇದ್ದದ್ದು ನಿಜಾಮರ ಸಂಸ್ಥಾನದಲ್ಲಿ. ಆ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿಗೆ ನೆರೆಯಿಂದ ರಕ್ಷಣೆಯನ್ನೂ ಕೊಳಚೆಗೆ ಚರಂಡಿಯನ್ನೂ ಯೋಜಿಸಿಕೊಟ್ಟವರು ಇವರೇ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಅವರ ಬದುಕಿನ ಈ ಭಾಗವನ್ನು ನೆನೆಯುವುದು ಉಚಿತ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಪಾಠ ಹೇಳಿ ಬಂದ ಹಣದಲ್ಲಿ ಓದಿ, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಜನರು ಕುಡಿಯುತ್ತಿದ್ದುದು ಸಿಂಧೂ ನದಿಯ ಕೆಸರುನೀರು. ಶೋಧಕ ತೊಟ್ಟಿ ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ನೀರು ಮರಳಿನೊಳಗೆ ನಿಧಾನವಾಗಿ ಹರಿದು, ಕೆಸರನ್ನು ಅಲ್ಲಿಯೇ ಬಿಟ್ಟು ತಿಳಿಯಾಗಿ ಬಾವಿಗೆ ಬಂತು. ಅಲ್ಲಿಂದ ಊರಿಗೆ ಪಂಪು ಮಾಡಿದರು. 1895ರಲ್ಲಿ ಈ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಹಳ್ಳದ ಉಸುಕಿನಲ್ಲಿ ಒರತೆ ತೋಡಿ ನೀರು ತುಂಬಿದ ನಮ್ಮ ಹಿರಿಯರಿಗೆ ಈ ತತ್ವ ಹೊಸದೇನಲ್ಲ. ಅದನ್ನು ಒಂದು ಪಟ್ಟಣಕ್ಕೆ ಸಾಲುವಷ್ಟು ದೊಡ್ಡದು ಮಾಡಿದ್ದು ಅವರ ಜಾಣ್ಮೆ. ಮುಂದೆ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾವೇ ತೆರೆದು ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ್ ಸರ್ಕಾರದ ಕರೆಯ ಮೇರೆಗೆ ಬಂದ ವಿಶ್ವೇಶ್ವರಯ್ಯನವರು, ಮೊದಲು ಮಳೆಯ ಲೆಕ್ಕವನ್ನೂ ಮೇಲ್ಭಾಗದ ಕೆರೆಗಳ ಸ್ಥಿತಿಯನ್ನೂ ಪರಿಶೀಲಿಸಿದರು. ಮಳೆಯೊಂದೇ ಕಾರಣವಾಗಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದು ಆ ನೀರೂ ನದಿಗೆ ಸೇರಿತ್ತು. ನೆರೆಯನ್ನು ಊರಿನ ಮೇಲ್ಗಡೆಯೇ ತಡೆದು, ಸ್ವಲ್ಪ ಸ್ವಲ್ಪವಾಗಿ ಬಿಡಬೇಕೆಂದು ಅವರು ಸೂಚಿಸಿದರು. ಹೀಗೆ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಕಟ್ಟಲ್ಪಟ್ಟವು. ನೆರೆ ತಡೆಯಲು ಯೋಚಿಸಿದ ಈ ಜಲಾಶಯಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಕೊಳಚೆ ನೀರು ನದಿಗೂ ಬೀದಿಗೂ ಸೇರದಂತೆ ಒಳಚರಂಡಿಯ ಯೋಜನೆಯನ್ನೂ ಅವರು ಸಿದ್ಧಪಡಿಸಿದರು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದುದು, 1955ರಲ್ಲಿ ಭಾರತರತ್ನ ಪಡೆದುದು ಎಲ್ಲರಿಗೂ ತಿಳಿದದ್ದೇ. 1962ರಲ್ಲಿ, ನೂರು ವರ್ಷದ ತುಂಬು ಬದುಕಿನ ನಂತರ ತೀರಿಕೊಂಡರು.

ನಾನು ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವನು. ನೀರಿನ ಹರಿವನ್ನು ಇಂದು ಪರದೆಯ ಮೇಲೆ ಲೆಕ್ಕ ಹಾಕಬಹುದು. ಆದರೂ ಬಾವಿಯ ಪಕ್ಕದ ಚರಂಡಿ ಎತ್ತ ಹರಿಯುತ್ತಿದೆ ಎಂದು ನಿಂತು ನೋಡಲು ಕಂಪ್ಯೂಟರ್ ಬೇಕಿಲ್ಲ. ವಿಶ್ವೇಶ್ವರಯ್ಯನವರ ಕಾಲದ ಕೆಸರು ಕಣ್ಣಿಗೆ ಕಾಣುತ್ತಿತ್ತು, ಉಸುಕಿನಲ್ಲಿ ನಿಲ್ಲುತ್ತಿತ್ತು. ಇಂದಿನ ಗೊಬ್ಬರದ ನೈಟ್ರೇಟ್, ಕೊಳವೆಬಾವಿಯ ಫ್ಲೋರೈಡ್ ನೀರಿನಲ್ಲಿ ಕರಗಿರುತ್ತವೆ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ನಮ್ಮ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಊರಿನ ನೀರಿನ ಮಾದರಿ ತಂದು ವಿಜ್ಞಾನದ ಮೇಷ್ಟ್ರ ಜೊತೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸ್ಥರ ಮುಂದಿಡಲಿ. ಸೆಪ್ಟೆಂಬರ್ 15, ಅವರ ಹುಟ್ಟುಹಬ್ಬದ ದಿನ, ಅದಕ್ಕೆ ತಕ್ಕ ದಿನ.