ಡಾಕ್ಟರ್ ಚೀಟಿ ಇಲ್ಲದೆ ಮಾತ್ರೆ ಯಾಕೆ ಕೊಡಬಾರದು? ಈ ನಿಯಮದ ಹಿಂದಿನ ಕರ್ನಲ್ ಚೋಪ್ರಾ ಕಥೆ

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಕೇಳುವುದು ಡಾಕ್ಟರುಗಳ ಜೇಬು ತುಂಬಿಸುವುದಕ್ಕೆ, ಈ ಕಾನೂನನ್ನು ಬ್ರಿಟಿಷರು ತಂದಿದ್ದೇ ನಮ್ಮ ನಾಟಿ ಔಷಧಿಯನ್ನು ಮುಗಿಸುವುದಕ್ಕೆ ಎನ್ನುವ ಮೆಸೇಜ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಓದಿದವರಿಗೆ ಹೌದಲ್ಲ ಅನ್ನಿಸುವುದೂ ಸಹಜ. ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಂಥ ಊರಲ್ಲಿ ರಾತ್ರಿ ಜ್ವರ ಏರಿದರೆ ಡಾಕ್ಟರನ್ನು ಹುಡುಕಿ ಹೋಗುವುದಕ್ಕಿಂತ ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೇಳಿ ತರುವುದು ಸುಲಭ.

ಆದರೆ ಮೆಸೇಜ್ ಹೇಳುವ ಕಥೆ ಸರಿಯಿಲ್ಲ. ಕಾನೂನು ಬ್ರಿಟಿಷರ ಕಾಲದ್ದು ಎಂಬುದು ನಿಜ. ಅದಕ್ಕೆ ಅಡಿಪಾಯ ಹಾಕಿದ ಸಮಿತಿಯ ಅಧ್ಯಕ್ಷರು ಮಾತ್ರ ಭಾರತೀಯರು, ಅದೂ ಜೀವನವಿಡೀ ನಮ್ಮ ಗಿಡಮೂಲಿಕೆಗಳ ಮೇಲೆ ಸಂಶೋಧನೆ ಮಾಡಿದವರು. ಅವರೇ ಕರ್ನಲ್ ಸರ್ ರಾಮನಾಥ ಚೋಪ್ರಾ. ಭಾರತದ ಔಷಧಶಾಸ್ತ್ರದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ.

ಯಾರು ಈ ಚೋಪ್ರಾ?

ಚೋಪ್ರಾ ಹುಟ್ಟಿದ್ದು 1882ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಗುಜ್ರಾನ್‌ವಾಲಾದಲ್ಲಿ. ಲಾಹೋರಿನಲ್ಲಿ ಓದಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಔಷಧಿ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ವಿಜ್ಞಾನ ಆಗಿನ್ನೂ ಹೊಸತು. ಅದನ್ನು ಅವರು ಅಲ್ಲಿ ವಾಲ್ಟರ್ ಡಿಕ್ಸನ್ ಎಂಬ ವಿಜ್ಞಾನಿಯ ಕೈಕೆಳಗೆ ಕಲಿತರು. 1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಅದು ಸೇನೆಗೆ ಸೇರಿದ ವೈದ್ಯರ ಸೇವೆಯಾದ್ದರಿಂದ ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾಕ್ಕೂ ಹೋಗಿಬಂದರು.

1921ರಲ್ಲಿ ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಹಳ್ಳಿಯವರು ಬಳಸುವ ಬೇರು, ತೊಗಟೆ, ಎಲೆಗಳನ್ನು ತರಿಸಿ ಅದರಲ್ಲಿ ಏನಿದೆ, ಎಷ್ಟು ಕೊಟ್ಟರೆ ಮದ್ದು, ಎಷ್ಟಾದರೆ ವಿಷ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಅವರ ದಿನದ ಕೆಲಸವಾಯಿತು. ನಮ್ಮ ಮಲೆನಾಡಿಗೂ ಪರಿಚಯವಿರುವ ಸರ್ಪಗಂಧಿ ಬೇರಿನ ಮೇಲೆ ಅವರ ತಂಡ 1933ರಲ್ಲೇ ಸಂಶೋಧನಾ ಲೇಖನ ಪ್ರಕಟಿಸಿತು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದು ಬಿಪಿ ಔಷಧಿಯಾಗಿ ಜಗತ್ತಿಗೆಲ್ಲ ಹೋಯಿತು.

ಅಫೀಮು ಮತ್ತು ಕಲಬೆರಕೆ ಕ್ವಿನೈನ್

ಚೋಪ್ರಾ ಹೆಚ್ಚು ಅಧ್ಯಯನ ಮಾಡಿದ ಇನ್ನೊಂದು ವಿಷಯ ಅಫೀಮಿನ ಚಟ. ಆಗ ದೇಶದ ಹಲವು ಕಡೆ ತಾಯಂದಿರು ಕೂಲಿಗೆ ಹೋಗುವ ಮುಂಚೆ ಮಗು ಅಳದೆ ಮಲಗಲಿ ಎಂದು ಚೂರು ಅಫೀಮು ತಿನ್ನಿಸುತ್ತಿದ್ದರು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಆದರೆ ಆ ಚೂರು ಸ್ವಲ್ಪ ದೊಡ್ಡದಾದರೆ ಮಗುವಿನ ಉಸಿರು ನಿಲ್ಲುತ್ತದೆ.

ಮಲೇರಿಯಾದ್ದು ಇನ್ನೊಂದು ಕಥೆ. ಆಗ ಮಲೆನಾಡೂ ಸೇರಿ ದೇಶದ ಬಹುಭಾಗವನ್ನು ಮಲೇರಿಯಾ ಹಿಂಡುತ್ತಿತ್ತು. ಅದಕ್ಕಿದ್ದ ಮುಖ್ಯ ಮದ್ದು ಕ್ವಿನೈನ್. ಬೇಡಿಕೆ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿ ಮಾರುಕಟ್ಟೆ ತುಂಬ ಕಲಬೆರಕೆ ಮಾಲು. ಮಾತ್ರೆಯ ಮೇಲೆ ಬರೆದಷ್ಟು ಕ್ವಿನೈನ್ ಒಳಗೆ ಇರುತ್ತಿರಲಿಲ್ಲ. ರೋಗಿ ದುಡ್ಡು ಕೊಟ್ಟು ಮಾತ್ರೆ ನುಂಗಿಯೂ ಜ್ವರದಲ್ಲೇ ಸಾಯುವ ಪರಿಸ್ಥಿತಿ.

1927ರಲ್ಲಿ ಆಗಿನ ಕೇಂದ್ರ ಶಾಸಕಾಂಗದ ಮೇಲ್ಮನೆ ಇದಕ್ಕೊಂದು ಕಡಿವಾಣ ಬೇಕೆಂದು ನಿರ್ಣಯ ಮಾಡಿತು. 1930ರಲ್ಲಿ ಸರ್ಕಾರ ಔಷಧ ವಿಚಾರಣಾ ಸಮಿತಿ ನೇಮಿಸಿ ಚೋಪ್ರಾರನ್ನೇ ಅಧ್ಯಕ್ಷರನ್ನಾಗಿ ಮಾಡಿತು. 1931ರಲ್ಲಿ ಬಂದ ವರದಿಯ ಸಾರ ಇಷ್ಟು: ದೇಶದಲ್ಲಿ ನಕಲಿ ಮತ್ತು ಕಳಪೆ ಔಷಧಿ ಧಾರಾಳವಾಗಿದೆ. ಪರೀಕ್ಷಿಸಲು ಸರಿಯಾದ ಪ್ರಯೋಗಾಲಯವಿಲ್ಲ. ತರಬೇತಿ ಪಡೆದ ಫಾರ್ಮಸಿಸ್ಟ್ ಎಂಬ ವೃತ್ತಿಯೇ ನೆಲೆಯೂರಿಲ್ಲ, ಯಾರು ಬೇಕಾದರೂ ಔಷಧಿ ಬೆರೆಸಿ ಕೊಡಬಹುದು. ಆದ್ದರಿಂದ ಇಡೀ ದೇಶಕ್ಕೆ ಒಂದು ಕಾನೂನು, ಪರೀಕ್ಷಾ ಪ್ರಯೋಗಾಲಯಗಳು ಮತ್ತು ಫಾರ್ಮಸಿಸ್ಟ್‌ಗಳ ನೋಂದಣಿ ಬೇಕು.

ವರದಿ ಬಂದ ಕೂಡಲೇ ಏನೂ ಆಗಲಿಲ್ಲ. 1937ರಲ್ಲಿ ಕಲ್ಕತ್ತಾದಲ್ಲಿ ಔಷಧಿ ಪರೀಕ್ಷೆಯ ಪ್ರಯೋಗಾಲಯ ಶುರುವಾಯಿತು. 1940ರಲ್ಲಿ ಡ್ರಗ್ಸ್ ಕಾಯ್ದೆ, 1945ರಲ್ಲಿ ಅದರ ನಿಯಮಗಳು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಅಂದರೆ ಶಿಫಾರಸು ಪೂರ್ತಿ ಕಾನೂನಾಗಲು 17 ವರ್ಷ ಬೇಕಾಯಿತು. ತೊಗರ್ಸಿ ಆಗ ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಬ್ರಿಟಿಷ್ ಇಂಡಿಯಾದ ಕಾಯ್ದೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಸ್ವಾತಂತ್ರ್ಯದ ನಂತರ ಅದೇ ಕಾನೂನು ಇಲ್ಲಿಗೂ ಬಂತು.

ನಾಟಿ ಔಷಧಿಯ ವಿರೋಧಿಯೇ?

ಅಲ್ಲವೇ ಅಲ್ಲ. 1933ರಲ್ಲಿ ಚೋಪ್ರಾ ಭಾರತದ ದೇಶೀ ಔಷಧಿಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. 1941ರಲ್ಲಿ ಸರ್ ಪದವಿ ಪಡೆದು, ಕಲ್ಕತ್ತಾದ ಕೆಲಸದಿಂದ ನಿವೃತ್ತರಾದ ಮೇಲೆ ಕಾಶ್ಮೀರಕ್ಕೆ ಹೋಗಿ ಗಿಡಮೂಲಿಕೆ ಸಂಶೋಧನೆ ಮುಂದುವರಿಸಿದರು. ಆಯುರ್ವೇದ ಮತ್ತು ಯುನಾನಿ ಪದ್ಧತಿಗಳ ಭವಿಷ್ಯ ಕುರಿತು 1946ರಲ್ಲಿ ನೇಮಕವಾದ ಸಮಿತಿಗೂ ಅವರೇ ಅಧ್ಯಕ್ಷರು. 1973ರಲ್ಲಿ ತೀರಿಕೊಂಡರು. 1983ರಲ್ಲಿ ಅಂಚೆ ಇಲಾಖೆ ಅವರ ಹೆಸರಲ್ಲಿ ಅಂಚೆಚೀಟಿ ಹೊರಡಿಸಿತು.

ಅವರ ಸಂಶೋಧನೆಗಳಿಂದ ನಾವು ಕಲಿಯಬೇಕಾದ್ದು ಒಂದೇ. ಗಿಡದಿಂದ ಬರಲಿ, ಕಾರ್ಖಾನೆಯಿಂದ ಬರಲಿ, ಶಕ್ತಿಯಿರುವ ಔಷಧಿಗೆ ಅಳತೆ ಬೇಕು, ಅಳೆದು ಕೊಡುವ ತಿಳಿದವರು ಬೇಕು. ಇಂದಿನ ಕಾನೂನಿನಲ್ಲೂ ಗುಲಗಂಜಿ, ಉಮ್ಮತ್ತಿ, ವತ್ಸನಾಭಿ ಸೇರಿದ ಆಯುರ್ವೇದ ಔಷಧಿಗಳ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು.

ಇಂದಿನ ನಿಯಮ ಏನು ಹೇಳುತ್ತದೆ?

1. ಶೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಪಟ್ಟಿ ಮೇಲಿನ ಎಚ್ಚರಿಕೆ ಬರಹ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

2. ಚೀಟಿಯಲ್ಲಿ ವೈದ್ಯರ ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಔಷಧಿಯ ಪ್ರಮಾಣ ಇರಬೇಕು.

3. ಒಂದು ಚೀಟಿಗೆ ಒಂದೇ ಸಲ ಔಷಧಿ. ಮತ್ತೆ ಕೊಡಬಹುದು ಎಂದು ವೈದ್ಯರು ಬರೆದಿದ್ದರೆ ಮಾತ್ರ ಮತ್ತೊಮ್ಮೆ. ಹೋದ ವರ್ಷದ ಚೀಟಿ ತೋರಿಸಿ ಕೇಳುವುದು, ಪಕ್ಕದ ಮನೆಯವರ ಚೀಟಿಯಲ್ಲಿ ತರುವುದು ಎರಡೂ ತಪ್ಪು.

4. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಅಥವಾ ಅವರ ಕಣ್ಣೆದುರೇ ಇನ್ನೊಬ್ಬರು ಕೊಡಬೇಕು. ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದರೆ ಸಾಲದು, ಆ ವ್ಯಕ್ತಿ ಅಂಗಡಿಯಲ್ಲಿರಬೇಕು.

5. ವೈದ್ಯರು ಬರೆದ ಶೆಡ್ಯೂಲ್ ಎಚ್ ಔಷಧಿಯ ಬದಲು ಅಂಗಡಿಯವರು ತಾವಾಗಿ ಬೇರೆ ಕೊಡುವಂತಿಲ್ಲ.

6. 2013ರಲ್ಲಿ ಪ್ರಕಟವಾಗಿ 2014ರಿಂದ ಜಾರಿಯಾದ ಶೆಡ್ಯೂಲ್ ಎಚ್1 ಇನ್ನೂ ಬಿಗಿ. ಪ್ರಬಲ ಆ್ಯಂಟಿಬಯೋಟಿಕ್, ಟಿಬಿ ಔಷಧಿ, ಕೆಲವು ನಿದ್ದೆ ಮಾತ್ರೆಗಳು ಇದರಲ್ಲಿವೆ. ಇವುಗಳನ್ನು ಯಾವ ವೈದ್ಯರು ಬರೆದರು, ಯಾವ ರೋಗಿಗೆ, ಎಷ್ಟು ಕೊಟ್ಟರು ಎಂದು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಹೆಸರು ಕೇಳಿದರೆ ಅನುಮಾನ ಪಡಬೇಡಿ.

ಹಾಗಾದರೆ ಊರಿನ ಕಿರಾಣಿ ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಸಿಗುವುದು ಹೇಗೆ? 1000ಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್, ನೋವಿನ ಬಾಮ್‌ನಂಥ ಕೆಲವು ಮನೆಮದ್ದುಗಳ ಮಾರಾಟಕ್ಕೆ ಷರತ್ತಿನ ವಿನಾಯಿತಿ ಇದೆ. ಆ್ಯಂಟಿಬಯೋಟಿಕ್‌ಗೆ ಈ ವಿನಾಯಿತಿ ಇಲ್ಲ.

ನಮ್ಮ ಸೀಮೆಗೆ ಇದು ಯಾಕೆ ಮುಖ್ಯ?

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ತೊಗರ್ಸಿಗೆ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಯಿಂದ ಹರಡುವ ಈ ರೋಗ ಬೇರೆ ಜ್ವರದ ಹಾಗೇ ಶುರುವಾಗುತ್ತದೆ: ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಇದು ವೈರಸ್‌ನಿಂದ ಬರುವ ರೋಗ, ಆ್ಯಂಟಿಬಯೋಟಿಕ್ ಇದನ್ನು ಮುಟ್ಟುವುದಿಲ್ಲ. ಕೆಲವರಲ್ಲಿ ರಕ್ತಸ್ರಾವ ಆಗುವುದರಿಂದ ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಅಪಾಯ ಹೆಚ್ಚಿಸಬಹುದು. ಡೆಂಗಿ ಜ್ವರಕ್ಕೂ ಇದೇ ಮಾತು.

ಅಂಗಡಿಯಲ್ಲಿ ಜ್ವರಕ್ಕೊಂದು, ಮೈಕೈ ನೋವಿಗೊಂದು, ಜೊತೆಗೊಂದು ಆ್ಯಂಟಿಬಯೋಟಿಕ್ ಎಂದು ಕೇಳಿ ತಂದಾಗ ಆಗುವ ನಷ್ಟ ಎರಡು. ಒಂದು, ಬೇಡದ ಮಾತ್ರೆ ಹೊಟ್ಟೆಗೆ ಹೋಯಿತು. ಎರಡು, ರಕ್ತಪರೀಕ್ಷೆ ಮಾಡಿಸಬೇಕಾದ ದಿನಗಳು ಕಳೆದುಹೋದವು. ಕಾಡಿಗೆ, ತೋಟಕ್ಕೆ ಹೋಗಿಬಂದವರಿಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ.

ನಮ್ಮ ತೀರ್ಮಾನ

ಚೀಟಿ ನಿಯಮ ಡಾಕ್ಟರುಗಳ ಲಾಭಕ್ಕೆ ಬಂದದ್ದು ಎಂಬ ಮೆಸೇಜ್ ಸುಳ್ಳು. ಕಲಬೆರಕೆ ಮತ್ತು ಅಳತೆಯಿಲ್ಲದ ಔಷಧಿಯಿಂದ ಜನ ಸಾಯುವುದನ್ನು ತಡೆಯಲು, ನಮ್ಮ ಗಿಡಮೂಲಿಕೆಗಳ ಬೆಲೆ ತಿಳಿದಿದ್ದ ವಿಜ್ಞಾನಿಯೊಬ್ಬರ ಸಮಿತಿಯ ಶಿಫಾರಸಿನಿಂದ ಈ ಕಾನೂನು ಹುಟ್ಟಿತು. ಮುಂದಿನ ಸಲ ಔಷಧಿ ತರುವಾಗ ಚೀಟಿ ಒಯ್ಯಿರಿ, ಬಿಲ್ ಕೇಳಿ ಪಡೆಯಿರಿ, ಫಾರ್ಮಸಿಸ್ಟ್ ಯಾರೆಂದು ವಿಚಾರಿಸಿ. ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಕೇಳದೆ ಆ್ಯಂಟಿಬಯೋಟಿಕ್ ಕೊಡುವ ಅಂಗಡಿಯ ಬಗ್ಗೆಯೇ ಹುಷಾರಾಗಿರಿ.